ಜೀಬ್ರಾಮೀನಿನ ಮೆದುಳಿನ ಎಡ-ಬಲ ಅಸಮತೆ

ಜೀಬ್ರಾಮೀನಿನ ಮೆದುಳಿನ ಎಡ-ಬಲ ಅಸಮತೆ ಎಂದರೆ ಡೇನಿಯೊ ರೆರಿಯೊ ಎಂಬ ಸಣ್ಣ ಸಿಹಿನೀರಿನ ಮೀನಿನ ಮೆದುಳಿನ ಎಡ ಮತ್ತು ಬಲ ಪಾರ್ಶ್ವಗಳು ರಚನೆಯಲ್ಲಿ ಒಂದನ್ನೊಂದು ಹೋಲದಿರುವಿಕೆ. ಇದು ಭ್ರೂಣಾವಸ್ಥೆಯಲ್ಲಿಯೇ ವಂಶವಾಹಿಗಳ ನಿಯಂತ್ರಣದಲ್ಲಿ ರೂಪುಗೊಳ್ಳುತ್ತದೆ.

ಮೀನಿನ ಪರಿಚಯ

ಇದು ದಕ್ಷಿಣ ಏಷ್ಯಾದ ತೊರೆ ಹಾಗೂ ಗದ್ದೆನೀರಿನ ಮೀನು. 1800-01ರಲ್ಲಿ ಮೈಸೂರು, ಕೆನರಾ, ಮಲಬಾರುಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಕನ್ನಡನಾಡಿನ ಚರಿತ್ರೆ ಓದಿದವರಿಗೆ ಪರಿಚಿತನು. ಮುಂದೆ ಹ್ಯಾಮಿಲ್ಟನ್ ಎಂಬ ಹೆಸರು ತಳೆದ ಅವನೇ 1822ರಲ್ಲಿ ಪ್ರಕಟವಾದ ಗಂಗಾನದಿಯ ಮೀನುಗಳ ಕುರಿತ ಗ್ರಂಥದಲ್ಲಿ ಈ ಮೀನನ್ನು ವರ್ಣಿಸಿದನು. ಇದರ ಭ್ರೂಣವು ತಾಯಿಯ ದೇಹದ ಹೊರಗೆ ಬೆಳೆಯುತ್ತದೆ ಮತ್ತು ಪಾರದರ್ಶಕವಾಗಿದೆ; ಆದ್ದರಿಂದ ಮೆದುಳು ರೂಪುಗೊಳ್ಳುವುದನ್ನು ಸೂಕ್ಷ್ಮದರ್ಶಕದಲ್ಲಿ ನೇರವಾಗಿ ನೋಡಬಹುದು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿಯೂ ಈ ಮೀನಿನ ನರಮಂಡಲದ ಅಧ್ಯಯನ ನಡೆದಿದೆ.

ಅಸಮತೆಯ ಸ್ವರೂಪ

ಮೆದುಳಿನ ಮೇಲ್ಭಾಗದಲ್ಲಿ ಪೀನಿಯಲ್ ಅಂಗದ ಪಕ್ಕದಲ್ಲಿ ಪ್ಯಾರಾಪೀನಿಯಲ್ ಎಂಬ ಪುಟ್ಟ ಜೀವಕೋಶಗುಂಪು ಇದೆ. ಅದು ನಡುಗೆರೆಯ ಬಳಿ ಹುಟ್ಟಿ, ಬಹುಪಾಲು ಭ್ರೂಣಗಳಲ್ಲಿ ಎಡಕ್ಕೆ ಸರಿಯುತ್ತದೆ. ಇಕ್ಕೆಲಗಳಲ್ಲಿರುವ ಹಾಬೆನುಲಾ ಎಂಬ ಜೋಡಿ ನರಕೇಂದ್ರಗಳೂ ಸಮಾನವಲ್ಲ: ಎಡದ್ದು ಮುಖ್ಯವಾಗಿ ಬೆಳಕಿಗೆ, ಬಲದ್ದು ವಾಸನೆಗೆ ಪ್ರತಿಕ್ರಿಯಿಸುತ್ತದೆ. ಪ್ಯಾರಾಪೀನಿಯಲನ್ನು ಆರಂಭದಲ್ಲಿಯೇ ನಾಶಪಡಿಸಿದರೆ ಎಡ ಹಾಬೆನುಲಾ ತನ್ನ ವೈಶಿಷ್ಟ್ಯವನ್ನು ಬಹುಮಟ್ಟಿಗೆ ಕಳೆದುಕೊಂಡು ಬಲದ್ದನ್ನೇ ಹೋಲುತ್ತದೆ.

ವಂಶವಾಹಿಗಳ ಪಾತ್ರ

ಭ್ರೂಣದ ಬಾಲದ ತುದಿಯಲ್ಲಿ ಕುಪ್ಫರ್ ಕೋಶಿಕೆ ಎಂಬ ದ್ರವ ತುಂಬಿದ ಗುಳ್ಳೆ ಕೆಲಕಾಲ ಇರುತ್ತದೆ. ಅದರೊಳಗಿನ ಸೂಕ್ಷ್ಮ ರೋಮಕಗಳು ಸುತ್ತುತ್ತ ದ್ರವವನ್ನು ಒಂದೇ ದಿಕ್ಕಿಗೆ ಹರಿಸುತ್ತವೆ. ಇದರ ಫಲವಾಗಿ ದೇಹದ ಎಡಪಾರ್ಶ್ವದಲ್ಲಿ ಸೌತ್‌ಪಾ ಎಂಬ ವಂಶವಾಹಿ ಸಕ್ರಿಯವಾಗುತ್ತದೆ. (ಮುಷ್ಟಿಯುದ್ಧದ ಭಾಷೆಯಲ್ಲಿ ಸೌತ್‌ಪಾ ಎಂದರೆ ಎಡಚ, ಹೆಸರು ತಕ್ಕುದಾಗಿಯೇ ಇದೆ.) ಇದು ನೋಡಲ್ ಎಂಬ ಸಂಕೇತ-ಪ್ರೋಟೀನುಗಳ ಗುಂಪಿಗೆ ಸೇರಿದೆ. ಸಂಕೇತವು ಮೆದುಳಿನ ಎಡಭಾಗವನ್ನು ತಲುಪಿದಾಗ ಅಲ್ಲಿ ಸೈಕ್ಲಾಪ್ಸ್, ಲೆಫ್ಟಿ1 ಮತ್ತು ಪಿಟ್ಎಕ್ಸ್2 ವಂಶವಾಹಿಗಳು ಎಚ್ಚರಗೊಳ್ಳುತ್ತವೆ. ಇವುಗಳಲ್ಲಿ ಲೆಫ್ಟಿ1 ನೋಡಲ್‌ಗೆ ಕಡಿವಾಣವಾಗಿ ಕೆಲಸ ಮಾಡುತ್ತದೆ.

ನೋಡಲ್ ಸಂಕೇತವು ಅಸಮತೆಯನ್ನು ಉಂಟುಮಾಡುತ್ತದೆ ಎಂದು ತಿಳಿಯುವುದು ಸಹಜವಾದರೂ ಸರಿಯಲ್ಲ. ಲಂಡನ್ನಿನ ಸ್ಟೀಫನ್ ವಿಲ್ಸನ್ ಮತ್ತು ಸಂಗಡಿಗರು 2000ರಲ್ಲಿ ಪ್ರಕಟಿಸಿದ ಸಂಶೋಧನೆಯಂತೆ, ಸಂಕೇತವು ಮೆದುಳಿನ ಎರಡೂ ಪಾರ್ಶ್ವಗಳಲ್ಲಿ ಇಲ್ಲದಿದ್ದರೂ ಎರಡರಲ್ಲಿಯೂ ಇದ್ದರೂ ಅಸಮತೆ ಉಂಟಾಗುತ್ತದೆ. ಆದರೆ ದಿಕ್ಕು ಮಾತ್ರ ನಾಣ್ಯ ಚಿಮ್ಮಿದಂತೆ, ಸುಮಾರು ಅರ್ಧ ಮೀನುಗಳಲ್ಲಿ ಎಡಕ್ಕೆ, ಉಳಿದವುಗಳಲ್ಲಿ ಬಲಕ್ಕೆ ಆಗುತ್ತದೆ. ಅಂದರೆ ನೋಡಲ್ ನಿರ್ಧರಿಸುವುದು ದಿಕ್ಕನ್ನು. ಪ್ಯಾರಾಪೀನಿಯಲ್ ನಡುಗೆರೆಯಿಂದ ಕದಲಲು ಎಫ್‌ಜಿಎಫ್8 ಎಂಬ ಬೇರೊಂದು ಸಂಕೇತ ಬೇಕು.

ವರ್ತನೆಯ ಮೇಲಿನ ಪರಿಣಾಮ

ಹೃದಯವೂ ಮೆದುಳೂ ಒಟ್ಟಿಗೆ ತಿರುವುಮುರುವಾಗಿ ಹುಟ್ಟುವ ಜೀಬ್ರಾಮೀನಿನ ಒಂದು ತಳಿಯಿದೆ. ಅದನ್ನು ಪರೀಕ್ಷಿಸಿದಾಗ ಮೀನುಗಳ ಕೆಲವು ವರ್ತನೆಗಳ ಪಾರ್ಶ್ವವೂ ತಿರುಗಿತ್ತು, ಕೆಲವು ಬದಲಾಗಿರಲಿಲ್ಲ. ಮನುಷ್ಯರಲ್ಲಿಯೂ ಹೃದಯಾದಿ ಅಂಗಗಳು ತಿರುವುಮುರುವಾಗಿರುವವರಲ್ಲಿ ಹೆಚ್ಚಿನವರು ಬಲಗೈಯವರೇ.