ಅನುಭವಿಗಳಿಗೆ ತಕ್ಕ ಒರೆಗಲ್ಲು ಯಾವುದು?

ನಮ್ಮ ಅನೇಕ ಮನೆಗಳ ಮಕ್ಕಳು ಇಂದು ಸಾಫ್ಟ್‌ವೇರ್ ಕ್ಷೇತ್ರದಲ್ಲಿ ದುಡಿಯುತ್ತಿದ್ದಾರೆ. ಹತ್ತು ಹದಿನೈದು ವರ್ಷಗಳ ಅನುಭವವುಳ್ಳವರೂ ಕೆಲಸ ಬದಲಿಸುವಾಗ, ಕಾಲೇಜಿನಲ್ಲಿ ಓದಿ ಮರೆತ ಅಲ್ಗಾರಿದಮ್ ಲೆಕ್ಕಗಳನ್ನು ಸಂದರ್ಶಕರೆದುರು ಬಿಡಿಸಿ ತೋರಿಸಬೇಕಾಗುತ್ತದೆ. ಇದು ನ್ಯಾಯವೇ?

ಹೋಮ್‌ಬ್ರೂ ಎಂಬ ತಂತ್ರಾಂಶದ ಕರ್ತೃ ಮ್ಯಾಕ್ಸ್ ಹೋವೆಲ್ ಅವರು, ಗೂಗಲ್ ಸಂಸ್ಥೆ ತಮ್ಮನ್ನು ನಿರಾಕರಿಸಿತೆಂದು 2015ರಲ್ಲಿ ಬಹಿರಂಗವಾಗಿ ಹೇಳಿದರು. ಅಲ್ಲಿನ ಬಹುಪಾಲು ಎಂಜಿನಿಯರುಗಳು ಅವರ ತಂತ್ರಾಂಶವನ್ನೇ ಬಳಸುತ್ತಿದ್ದರಂತೆ. ಆದರೆ ಹಲಗೆಯ ಮೇಲೆ ‘ಬೈನರಿ ಟ್ರೀ’ಯನ್ನು ತಿರುಗುಮುರುಗು ಮಾಡಲು ಅವರಿಗೆ ಆಗಲಿಲ್ಲವಂತೆ.

2020ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯ ಹಾಗೂ ಮೈಕ್ರೋಸಾಫ್ಟ್ ಸಂಶೋಧಕರು 48 ವಿದ್ಯಾರ್ಥಿಗಳನ್ನು ಪರೀಕ್ಷಿಸಿದರು. ಪರೀಕ್ಷಕರ ಕಣ್ಣೆದುರು ಲೆಕ್ಕ ಬಿಡಿಸಿದವರ ಸಾಧನೆ, ಏಕಾಂತದಲ್ಲಿ ಬಿಡಿಸಿದವರ ಅರ್ಧಕ್ಕಿಂತಲೂ ಕಡಿಮೆಯಾಯಿತು. ಪಾಠ ಮರೆಯದ ವಿದ್ಯಾರ್ಥಿಗಳ ಗತಿಯೇ ಹೀಗಾದರೆ, ಅನುಭವಿಗಳ ಪಾಡೇನು?

ಸಮಾನ ಪ್ರಶ್ನೆಗಳಿಂದ ಶಿಫಾರಸಿನ ಹಂಗು ತಪ್ಪುತ್ತದೆ, ಹೆಸರಾಂತ ಕಾಲೇಜಿನಲ್ಲಿ ಓದದವರಿಗೂ ಅವಕಾಶ ದೊರೆಯುತ್ತದೆ ಎಂಬ ಮಾತನ್ನು ನಾವು ಅಲ್ಲಗಳೆಯೆವು. ಆದರೆ ಹಗಲೆಲ್ಲ ದುಡಿದು ಮನೆಮಕ್ಕಳನ್ನು ನೋಡಿಕೊಳ್ಳುವ ತಾಯಿಗೆ ತಿಂಗಳುಗಟ್ಟಲೆ ಅಭ್ಯಾಸಕ್ಕೆ ಬಿಡುವೆಲ್ಲಿ? ಬೇರೆಯವರು ಬರೆದ ಪ್ರೋಗ್ರಾಮಿನ ದೋಷ ಹುಡುಕುವಂಥ ನಿತ್ಯದ ಕೆಲಸವನ್ನೇ ಕೊಟ್ಟು ನೋಡುವುದು ಅನುಭವಿಗಳಿಗೆ ತಕ್ಕ ಒರೆಗಲ್ಲು. ಸಂದರ್ಶನದಲ್ಲಿ ಸೋತು ಬಂದವರನ್ನು ದಡ್ಡರೆಂದು ಮನೆಯವರು ಹೀಗಳೆಯದಿರಲಿ.