ಇಂಗ್ಲಿಷ್ ಗುರೂಜಿಗೆ ಗುರುಗಳಾದವರು

ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಉಮದಿ, ಸಂಖ, ಗುಡ್ಡಾಪುರದ ಕಡೆ ಮನೆಮಾತು ಕನ್ನಡ, ಕಚೇರಿಯ ಕಾಗದ ಮರಾಠಿ. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗೆ ಹೋಗುವ ಮಗುವಿನ ಚೀಲದಲ್ಲಿ ಪುಣೆಯ ಬಾಲಭಾರತಿ ಅಚ್ಚು ಹಾಕಿಸಿದ ಕನ್ನಡ ಪುಸ್ತಕ ಇರುತ್ತದೆ, ಅದರ ಮಗ್ಗುಲಲ್ಲೇ ಇಂಗ್ಲಿಷ್ ಪುಸ್ತಕವೂ ಇರುತ್ತದೆ. ಎಲ್ಲ ಮಾಧ್ಯಮದ ಶಾಲೆಗಳಲ್ಲೂ ಒಂದನೆಯ ಇಯತ್ತೆಯಿಂದಲೇ ಇಂಗ್ಲಿಷ್ ಕಲಿಸಬೇಕೆಂದು ಮಹಾರಾಷ್ಟ್ರ ನಿಯಮ ಮಾಡಿದ್ದು 2000ರಲ್ಲಿ. ಕರ್ನಾಟಕದ ಸರ್ಕಾರಿ ಶಾಲೆಗಳಿಗೆ ಅದು ಬಂದದ್ದು 2007ರಲ್ಲಿ. ಹೀಗಾಗಿ ಜತ್ತದ ಆರು ವರ್ಷದ ಮಗು ಮೂರು ಭಾಷೆಗಳ ನಡುವೆ ಅಕ್ಷರಾಭ್ಯಾಸ ಶುರು ಮಾಡುತ್ತದೆ.

ಮಗುವಿಗೆ ಕಲಿಸುವವರು ಗುರೂಜಿ. ಆ ಗುರೂಜಿಗೆ ಇಂಗ್ಲಿಷ್ ಕಲಿಸುವ ಬಗೆಯನ್ನು ಹೇಳಿಕೊಟ್ಟವರು ಯಾರು?

ಅದಕ್ಕೆಂದೇ ನಮ್ಮ ದೇಶದಲ್ಲಿ ಒಂದು ಅಧ್ಯಾಪಕ ವರ್ಗವಿದೆ. ಅವರ ಕೆಲಸ ಷೇಕ್ಸ್‌ಪಿಯರ್ ಪಾಠ ಮಾಡುವುದಲ್ಲ. ಮನೆಯಲ್ಲಿ ಇಂಗ್ಲಿಷ್ ಕಿವಿಗೇ ಬೀಳದ ಮಗುವಿಗೆ ಅದನ್ನು ಹೇಗೆ ಒಗ್ಗಿಸಬೇಕು ಎಂಬುದನ್ನು ಶಿಕ್ಷಕರಿಗೆ ತಿಳಿಸುವುದು, ತರಗತಿಯ ಹಿಂದಿನ ಬೆಂಚಿನಲ್ಲಿ ಕೂತು ಪಾಠ ನೋಡುವುದು, ಪಠ್ಯಪುಸ್ತಕ ಬರೆಯುವುದು, ಪ್ರಶ್ನೆಪತ್ರಿಕೆಯನ್ನು ತಿದ್ದುವುದು, ಮಗು ಎಲ್ಲಿ ಎಡವುತ್ತದೆ ಎಂದು ಸಂಶೋಧನೆ ಮಾಡುವುದು ಇವೆಲ್ಲ ಅವರ ಪಾಲಿಗೆ ಬರುತ್ತವೆ. ಹೊರಗಿನವರಿಗೆ ಈ ವೃತ್ತಿ ಕಣ್ಣಿಗೇ ಬೀಳುವುದಿಲ್ಲ. ಆದರೆ ಇದರ ಚರಿತ್ರೆಯ ಒಂದು ಮುಖ್ಯ ಎಳೆ ಸಾಂಗಲಿ ಜಿಲ್ಲೆಯನ್ನೇ ಹಾದು ಹೋಗುತ್ತದೆ.

ಕನ್ನಡದ ಕವಿ ವಿನಾಯಕ ಕೃಷ್ಣ ಗೋಕಾಕರು ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷ್ ಓದಿ 1938ರಲ್ಲಿ ಮರಳಿದಾಗ ಸಾಂಗಲಿಯ ವಿಲಿಂಗ್ಡನ್ ಕಾಲೇಜಿನ ಪ್ರಾಚಾರ್ಯರಾದರು. ಡೆಕ್ಕನ್ ಎಜುಕೇಶನ್ ಸೊಸೈಟಿ 1919ರಲ್ಲಿ ಕಟ್ಟಿದ ಕಾಲೇಜು ಅದು. ‘ಗೆಳೆಯರ ಗುಂಪು’ ಎಂಬ ಸಾಹಿತ್ಯ ಬಳಗದ ರಂ.ಶ್ರೀ. ಮುಗಳಿಯವರು ಕನ್ನಡ ಪಾಠ ಹೇಳುತ್ತಿದ್ದದ್ದೂ ಅಲ್ಲೇ. ಗೋಕಾಕರು ಮುಂದೆ ಕೊಲ್ಹಾಪುರದ ರಾಜಾರಾಮ್ ಕಾಲೇಜು, ಧಾರವಾಡದ ಕರ್ನಾಟಕ ಕಾಲೇಜುಗಳಲ್ಲಿದ್ದು, 1959ರಲ್ಲಿ ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿ ಹೋದರು. ಆ ಸಂಸ್ಥೆ ಹುಟ್ಟಿ ಆಗ ಒಂದೇ ವರ್ಷವಾಗಿತ್ತು. ಫೋರ್ಡ್ ಫೌಂಡೇಶನ್ ಹಣ ಕೊಟ್ಟಿತ್ತು, ಬ್ರಿಟಿಷ್ ಕೌನ್ಸಿಲ್ ಪರಿಣತರನ್ನು ಕಳುಹಿಸಿತ್ತು. ಬೇರೆ ಬೇರೆ ರಾಜ್ಯಗಳ ಅಧ್ಯಾಪಕರು ಬಂದು ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಲಿಸುವ ವಿದ್ಯೆ ಕಲಿತು ಊರಿಗೆ ಮರಳುತ್ತಿದ್ದರು. ಗೋಕಾಕರು 1966ರ ವರೆಗೆ ಅಲ್ಲಿದ್ದರು. ಆ ಸಂಸ್ಥೆಯೇ ಬೆಳೆದು ಈಗ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯವಾಗಿದೆ. ಈ ಕ್ಷೇತ್ರದವರ ಬಾಯಲ್ಲಿ ಅದು ‘ಇಫ್ಲು’.

ಇದೇ ಗೋಕಾಕರು 1981ರಲ್ಲಿ, ಕರ್ನಾಟಕದ ಪ್ರೌಢಶಾಲೆಗಳಲ್ಲಿ ಕನ್ನಡವೇ ಪ್ರಥಮ ಭಾಷೆಯಾಗಬೇಕು ಎಂದು ವರದಿ ಕೊಟ್ಟರು. ಇಂಗ್ಲಿಷ್ ಶಿಕ್ಷಕರನ್ನು ತಯಾರು ಮಾಡಿದವರೇ ಕನ್ನಡದ ಪರ ನಿಂತರಲ್ಲ ಎಂದು ಅಚ್ಚರಿಪಡುವವರು ಇಂದಿಗೂ ಇದ್ದಾರೆ. ಅಚ್ಚರಿಗೆ ಕಾರಣವಿಲ್ಲ. ಮಗುವಿನ ಮೊದಲ ಭಾಷೆ ಗಟ್ಟಿಯಾಗಿದ್ದರೆ ಎರಡನೆಯದಕ್ಕೆ ನೆಲೆ ಸಿಗುತ್ತದೆ ಎಂಬುದು ಈ ವೃತ್ತಿಯಲ್ಲಿ ಕೆಲಸ ಮಾಡಿದವರು ದಿನವೂ ಕಾಣುವ ಸಂಗತಿ.

ಕೇಂದ್ರೀಯ ಇಂಗ್ಲಿಷ್ ಸಂಸ್ಥೆ ಶುರುವಾದ ಕಾಲದ ತರಬೇತಿಯ ದೊಡ್ಡ ಚಿಂತೆ ಸಂಖ್ಯೆಯದು. ಮದ್ರಾಸ್ ರಾಜ್ಯದಲ್ಲಿ 27,000 ಪ್ರಾಥಮಿಕ ಶಿಕ್ಷಕರಿಗೆ ಮರುತರಬೇತಿ ಕೊಡಲು ಹೊರಟರು. ಮೊದಲು ಕೆಲವರಿಗೆ ಕಲಿಸುವುದು, ಅವರು ಇನ್ನಷ್ಟು ಜನರಿಗೆ ಕಲಿಸುವುದು, ಉರುಳುತ್ತ ಉರುಳುತ್ತ ದೊಡ್ಡದಾಗುವ ಹಿಮದುಂಡೆಯ ಹಾಗೆ. ಅದಕ್ಕೆ ‘ಮದ್ರಾಸ್ ಸ್ನೋಬಾಲ್’ ಎಂದೇ ಹೆಸರಾಯಿತು. ವಾಕ್ಯರಚನೆಗಳನ್ನು ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ ಎಂದು ಜೋಡಿಸಿಟ್ಟು ಮಕ್ಕಳಿಂದ ಮತ್ತೆ ಮತ್ತೆ ಹೇಳಿಸುವುದು ಅಂದಿನ ಪದ್ಧತಿ. ‘ದಿಸ್ ಈಸ್ ಎ ಬುಕ್’ ಎಂದು ಇಡೀ ತರಗತಿ ರಾಗವಾಗಿ ಹೇಳಿದ್ದು ನಮ್ಮ ಹಿರಿಯರ ಕಿವಿಯಲ್ಲಿ ಇನ್ನೂ ಇದೆ. ಇಂಥ ಸರಪಳಿ ತರಬೇತಿಗೆ ಒಂದು ತೊಂದರೆ ಅಂಟಿಕೊಂಡೇ ಬರುತ್ತದೆ. ಮೇಲಿನ ಹಂತದಲ್ಲಿ ಹೇಳಿದ್ದು ಕೆಳಗಿಳಿಯುತ್ತ ಸವೆಯುತ್ತದೆ. ಕೊನೆಯ ಹಳ್ಳಿಯ ಶಿಕ್ಷಕನಿಗೆ ಸಿಗುವುದು ‘ಹೀಗೆ ಮಾಡಿ’ ಎಂಬ ಸೂಚನೆ ಮಾತ್ರ. ಅದು ಯಾಕೆ ಎಂಬ ವಿವರಣೆ ದಾರಿಯಲ್ಲೇ ಉಳಿದಿರುತ್ತದೆ.

ವಾಕ್ಯಗಳನ್ನು ಮತ್ತೆ ಮತ್ತೆ ಹೇಳಿಸುವ ಪದ್ಧತಿಯನ್ನು ಬುಡದಿಂದ ಪ್ರಶ್ನಿಸಿದ ಪ್ರಯೋಗಕ್ಕೆ ಹೆಸರು ಕೊಟ್ಟದ್ದು ಬೆಂಗಳೂರು. ದಕ್ಷಿಣದ ರಾಜ್ಯಗಳ ಶಿಕ್ಷಕರಿಗೆಂದು 1963ರಲ್ಲಿ ಅಲ್ಲಿ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಆರಂಭವಾಗಿತ್ತು. ಮದ್ರಾಸಿನ ಬ್ರಿಟಿಷ್ ಕೌನ್ಸಿಲಿನಲ್ಲಿದ್ದ ಎನ್.ಎಸ್. ಪ್ರಭು ಈ ಸಂಸ್ಥೆಯ ಅಧ್ಯಾಪಕರ ಜೊತೆ ಸೇರಿ 1979ರಿಂದ 1984ರ ವರೆಗೆ ಕರ್ನಾಟಕ ಮತ್ತು ತಮಿಳುನಾಡಿನ ಕೆಲವು ಸಾಮಾನ್ಯ ಶಾಲೆಗಳಲ್ಲಿ ಹೊಸ ಬಗೆಯ ಪಾಠ ಮಾಡಿಸಿದರು. ಜಗತ್ತಿನ ಭಾಷಾಬೋಧನೆಯ ಪುಸ್ತಕಗಳಲ್ಲಿ ಅದಕ್ಕೆ ‘ಬ್ಯಾಂಗಲೋರ್ ಪ್ರಾಜೆಕ್ಟ್’ ಎಂಬ ಹೆಸರು ಕಾಯಂ ಆಯಿತು.

ಅಲ್ಲಿ ವ್ಯಾಕರಣದ ಪಾಠವೇ ಇರಲಿಲ್ಲ. ಶಿಕ್ಷಕರು ಒಂದು ರೈಲಿನ ವೇಳಾಪಟ್ಟಿಯನ್ನೋ ನಕ್ಷೆಯನ್ನೋ ಮಕ್ಕಳ ಮುಂದಿಡುತ್ತಿದ್ದರು. ರೈಲು ಎಷ್ಟು ಹೊತ್ತಿಗೆ ಹೊರಡುತ್ತದೆ? ಊರು ಮುಟ್ಟಲು ಎಷ್ಟು ತಾಸು? ಮಧ್ಯಾಹ್ನದ ಒಳಗೆ ತಲುಪಬೇಕಾದವನು ಯಾವ ಗಾಡಿ ಹಿಡಿಯಬೇಕು? ಮೊದಲು ಇಡೀ ತರಗತಿಯ ಎದುರು ಕೆಲವು ಮಕ್ಕಳೊಂದಿಗೆ ಬಾಯಲ್ಲಿ ಬಿಡಿಸುವುದು, ಆಮೇಲೆ ಅಂಥದ್ದೇ ಇನ್ನೊಂದನ್ನು ಒಬ್ಬೊಬ್ಬರೂ ತಾವೇ ಬಿಡಿಸುವುದು. ಮಗುವಿನ ಗಮನವೆಲ್ಲ ಉತ್ತರ ಹುಡುಕುವುದರಲ್ಲಿ. ಭಾಷೆ ಆ ಕೆಲಸದ ಜೊತೆಜೊತೆಗೆ ಒಳಗಿಳಿಯುತ್ತದೆ ಎಂಬುದು ಪ್ರಭು ಅವರ ನಂಬಿಕೆ. ಪಾಠ ಹದವಾಗಿದೆಯೇ ಎಂದು ತಿಳಿಯಲು ಅವರು ಒಂದು ಅಳತೆ ಇಟ್ಟುಕೊಂಡಿದ್ದರು: ತರಗತಿಯ ಅರ್ಧದಷ್ಟು ಮಕ್ಕಳಾದರೂ ಸುಮಾರು ಅರ್ಧದಷ್ಟು ಕೆಲಸ ಸರಿಯಾಗಿ ಮಾಡಬೇಕು. ಎಲ್ಲರೂ ಮಾಡಿಬಿಟ್ಟರೆ ಅದು ತೀರ ಸಲೀಸಾಯಿತು, ನಾಳೆ ಇನ್ನಷ್ಟು ಬಿಗಿಯಾದದ್ದು ಕೊಡಬೇಕು.

ಪ್ರಯೋಗದ ಫಲವನ್ನು ಹೊರಗಿನ ತಜ್ಞರಾದ ಬೆರೆಟ್ಟಾ ಮತ್ತು ಡೇವಿಸ್ ಪರೀಕ್ಷಿಸಿ 1985ರಲ್ಲಿ ಪ್ರಕಟಿಸಿದರು. ಫಲಿತಾಂಶ ಪ್ರಯೋಗದ ಕಡೆಗೇ ವಾಲಿತ್ತು, ಆದರೂ ಅವರು ಎಚ್ಚರಿಕೆಯ ಮಾತನ್ನೇ ಆಡಿದರು. ಬೆರೆಟ್ಟಾ ಮುಂದೆ, ಆ ತರಗತಿಗಳಲ್ಲಿ ಪಾಠ ಮಾಡಿದ ಶಿಕ್ಷಕರು ಹೊಸ ದಾರಿಯನ್ನು ಎಷ್ಟರಮಟ್ಟಿಗೆ ತಮ್ಮದಾಗಿಸಿಕೊಂಡಿದ್ದರು ಎಂದೂ ನೋಡಿದರು. ಹೊರಗಿನಿಂದ ಬಂದು ಪಾಠ ಮಾಡಿದ ಪರಿಣತರಿಗೆ ಅದು ಒಗ್ಗಿತ್ತು, ಶಾಲೆಯ ಕಾಯಂ ಶಿಕ್ಷಕರು ತಿಣುಕಿದ್ದರು. ಈ ಫಲಿತಾಂಶ ಮೊದಲಿನದಕ್ಕಿಂತ ಹೆಚ್ಚು ಮುಖ್ಯವಾದದ್ದು. ಪಠ್ಯಕ್ರಮ ಎಷ್ಟೇ ಚೆನ್ನಾಗಿರಲಿ, ತರಗತಿಯಲ್ಲಿ ನಿಲ್ಲುವವರಿಗೆ ಅದು ಒಳಗಿನಿಂದ ಒಪ್ಪಿಗೆಯಾಗದಿದ್ದರೆ ಕಾಗದದಲ್ಲೇ ಉಳಿಯುತ್ತದೆ.

ಪ್ರಭು ತಮ್ಮ ಅನುಭವವನ್ನು 1987ರಲ್ಲಿ ಪುಸ್ತಕವಾಗಿ ತಂದರು. ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದವರು 1990ರಲ್ಲಿ ಒಂದು ಲೇಖನ ಬರೆದರು. ಎಲ್ಲರಿಗೂ ಒಪ್ಪುವ ಒಂದೇ ಶ್ರೇಷ್ಠ ವಿಧಾನ ಇಲ್ಲ, ತಾನು ಮಾಡುವ ಪಾಠದಿಂದ ಕಲಿಕೆ ಹೇಗೆ ಆಗುತ್ತದೆ ಎಂಬ ಬಗ್ಗೆ ಶಿಕ್ಷಕನಿಗೆ ತನ್ನದೇ ಆದ ಜೀವಂತ ನಂಬಿಕೆ ಇರಬೇಕು ಎಂದು ಅದರಲ್ಲಿ ವಾದಿಸಿದರು. ಜಗತ್ತಿನ ಎಲ್ಲೆಡೆ ಶಿಕ್ಷಕರ ಶಿಕ್ಷಕರು ಇವತ್ತಿಗೂ ಆ ಲೇಖನವನ್ನು ಓದಿಸುತ್ತಾರೆ.

ಈ ಮಾತನ್ನು ಜತ್ತಕ್ಕೆ ತಂದು ನೋಡಬೇಕು. ಕನ್ನಡದ ಮಗು ‘ಬಸ್’ ಎಂಬುದನ್ನು ‘ಬಸ್ಸು’ ಎನ್ನುತ್ತದೆ, ‘ಎಗ್’ ಎಂಬುದನ್ನು ‘ಯೆಗ್ಗು’ ಎನ್ನುತ್ತದೆ. ಅದು ದಡ್ಡತನವಲ್ಲ, ಮನೆಮಾತಿನ ಧ್ವನಿಯ ಕಟ್ಟು. ಇನ್ನೊಂದು ಕಡೆ ಅದೇ ಮಗುವಿಗೆ ಒಂದು ಅನುಕೂಲವೂ ಉಂಟು. ಕನ್ನಡದಲ್ಲಿ ‘ಎ’, ‘ಏ’ ಬೇರೆ ಬೇರೆ ಸ್ವರಗಳಾದ್ದರಿಂದ ‘ಗೆಟ್’, ‘ಗೇಟ್’ ಎಂಬೆರಡರ ವ್ಯತ್ಯಾಸ ಅದರ ಕಿವಿಗೆ ಬೇಗ ಸಿಗುತ್ತದೆ. ಮರಾಠಿಯಲ್ಲಿ ಈ ಹ್ರಸ್ವ-ದೀರ್ಘದ ಭೇದವಿಲ್ಲ. ಮರಾಠಿ ಮಕ್ಕಳಿಗೆ ಅದನ್ನು ಬೇರೆಯಾಗಿಯೇ ಅಭ್ಯಾಸ ಮಾಡಿಸಬೇಕಾಗುತ್ತದೆ. ಸಾಂಗಲಿ ಜಿಲ್ಲೆಯ ಶಿಕ್ಷಕರ ತರಬೇತಿ ಬಹುಮಟ್ಟಿಗೆ ಮರಾಠಿಯಲ್ಲಿ ನಡೆಯುತ್ತದೆ. ಕನ್ನಡ ಶಾಲೆಯ ಗುರೂಜಿ ಅಲ್ಲಿ ಕೂತು ಮರಾಠಿ ಮಗುವಿನ ತೊಡಕುಗಳನ್ನು ಕೇಳಿಕೊಂಡು ಬರಬೇಕು, ತನ್ನ ತರಗತಿಯ ತೊಡಕುಗಳನ್ನು ತಾನೇ ಕಂಡುಕೊಳ್ಳಬೇಕು.

2024ರಲ್ಲಿ ಜತ್ತ ತಾಲ್ಲೂಕಿನ ಕನ್ನಡ ಶಾಲೆಗಳಿಗೆ ಮರಾಠಿ ಮಾಧ್ಯಮದ ಶಿಕ್ಷಕರನ್ನು ನೇಮಿಸಿದಾಗ ವಿರೋಧ ಎದ್ದಿತು. ಅದನ್ನು ಹೆಚ್ಚಿನವರು ಕರ್ನಾಟಕ–ಮಹಾರಾಷ್ಟ್ರ ಗಡಿ ವಿವಾದದ ಕಣ್ಣಿನಿಂದಲೇ ನೋಡಿದರು. ಇಂಗ್ಲಿಷ್ ಕಲಿಕೆಗೂ ಅದರಿಂದ ಪೆಟ್ಟು ಬೀಳುತ್ತದೆ ಎಂದವರು ಕಡಿಮೆ. ಮಗು ‘ನನಗೆ ಇದು ತಿಳೀವಲ್ದು’ ಎಂದದ್ದೇ ಶಿಕ್ಷಕರಿಗೆ ತಿಳಿಯದಿದ್ದರೆ ಇಂಗ್ಲಿಷ್ ಪಾಠ ಮುಂದಕ್ಕೆ ಹೋಗುವುದಾದರೂ ಹೇಗೆ? 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಇಂಗ್ಲಿಷ್ ತಜ್ಞರ ಗುಂಪು ಕೂಡ ಇಂಗ್ಲಿಷನ್ನು ಮಗುವಿನ ಉಳಿದ ಭಾಷೆಗಳ ಜೊತೆಯಲ್ಲೇ ಕಲಿಸಬೇಕೆಂದಿತ್ತು.

ಜತ್ತದಂಥ ಕಡೆಗೆ ಬೇಕಾದ ತರಬೇತುದಾರರು ಯಾರು ಎಂಬುದು ಇಷ್ಟರಿಂದ ಹೊಳೆಯುತ್ತದೆ. ಕನ್ನಡ, ಮರಾಠಿ ಎರಡೂ ಬಲ್ಲವರು, ಕೆಲವು ವರ್ಷ ಶಾಲೆಯಲ್ಲಿ ದುಡಿದವರು. ಅಂಥವರಿಗೆ ದಾರಿಗಳಿವೆ. ಡಿ.ಎಡ್. ಅಥವಾ ಬಿ.ಎಡ್. ಆದ ಮೇಲೆ ಇಂಗ್ಲಿಷಿನಲ್ಲಿ ಎಂ.ಎ., ಇಫ್ಲುವಿನ ಇಂಗ್ಲಿಷ್ ಬೋಧನೆಯ ಸ್ನಾತಕೋತ್ತರ ಡಿಪ್ಲೊಮಾ, ಮುಂದೆ ಪಿಎಚ್.ಡಿ. ಇಂಗ್ಲಿಷ್ ತರಬೇತಿಗೆ ಮಹಾರಾಷ್ಟ್ರದ ರಾಜ್ಯ ಮಟ್ಟದ ಸಂಸ್ಥೆ ಔರಂಗಾಬಾದಿನಲ್ಲಿದೆ (ಈಗಿನ ಛತ್ರಪತಿ ಸಂಭಾಜಿನಗರ). ಜಿಲ್ಲಾ ಮಟ್ಟದಲ್ಲಿ ಶಿಕ್ಷಣ ಮತ್ತು ತರಬೇತಿ ಸಂಸ್ಥೆ (ಡಯಟ್) ಇದೆ. ಪ್ರಾಥಮಿಕ ಶಿಕ್ಷಕರಿಗೆ ಮೂವತ್ತು ದಿನಗಳ ತರಬೇತಿ ಕೊಡುವ ಬೆಂಗಳೂರಿನ ಸಂಸ್ಥೆ ದಕ್ಷಿಣದ ರಾಜ್ಯಗಳಿಗೆ ಮೀಸಲು. ಗಡಿಯಾಚೆಯ ವಿಜಯಪುರದ ಕನ್ನಡ ಶಿಕ್ಷಕಿಗೆ ಅಲ್ಲಿ ಜಾಗ ಸಿಗುತ್ತದೆ, ಉಮದಿಯ ಕನ್ನಡ ಶಿಕ್ಷಕಿಗೆ ಸಿಗುವುದಿಲ್ಲ. ಎರಡು ಸರ್ಕಾರಗಳು ಮನಸ್ಸು ಮಾಡಿದರೆ ಈ ಅಡ್ಡಿಯನ್ನು ಒಂದು ಆದೇಶದಿಂದ ತೆಗೆಯಬಹುದು.

ಆದೇಶ ಬರುವ ತನಕ ಕಾಯಬೇಕೆಂದೇನೂ ಇಲ್ಲ. ಪ್ರಭು ಅವರ ರೈಲಿನ ಪಟ್ಟಿಯ ಜಾಗದಲ್ಲಿ ಜತ್ತ–ವಿಜಯಪುರ ಬಸ್ಸಿನ ವೇಳೆ ಬರೆದು ಹಾಕಬಹುದು. ಮಾಡಗ್ಯಾಳದ ಕುರಿಗಳಿಗೆ ಹೆಸರಾದ ಸೀಮೆಯಿದು. ಸಂತೆಯಲ್ಲಿ ಮೂರು ಕುರಿಗಳ ಬೆಲೆ, ವಯಸ್ಸು, ತೂಕ ಕೊಟ್ಟು ಯಾವುದನ್ನು ಕೊಳ್ಳುವುದು ಲಾಭ ಎಂದು ಇಂಗ್ಲಿಷಿನಲ್ಲಿ ಕೇಳಬಹುದು. ಕುರಿಯ ಲೆಕ್ಕ ಆ ಮಕ್ಕಳಿಗೆ ಶಿಕ್ಷಕರಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಕೇಂದ್ರಮಟ್ಟದ ಶಿಕ್ಷಣ ಪರಿಷತ್ತಿನಲ್ಲಿ ಕನ್ನಡ ಶಾಲೆಯವರು ನಾಲ್ಕೈದು ಜನ ಒಟ್ಟಿಗೆ ಕೂತು ಇಂಥ ಹತ್ತು ಪಾಠ ಕಟ್ಟಿ, ತಂತಮ್ಮ ಶಾಲೆಯಲ್ಲಿ ಮಾಡಿ, ಎಷ್ಟು ಮಕ್ಕಳು ಅರ್ಧ ದಾಟಿದರು ಎಂದು ಬರೆದಿಟ್ಟರೆ ಮುಂದಿನ ಸಭೆಗೆ ಚರ್ಚೆಯ ವಿಷಯ ಸಿದ್ಧವಾಗಿರುತ್ತದೆ.