ಬೀಳುವ ಹಲ್ಲು ತಾನೇ ಎನ್ನಬೇಡಿ

"ಅಯ್ಯೋ, ಹಾಲುಹಲ್ಲು ತಾನೇ, ಹೇಗೂ ಬಿದ್ದುಹೋಗುತ್ತೆ ಬಿಡಿ!" ಈ ಮಾತನ್ನು ನೀವೂ ಆಡಿರುತ್ತೀರಿ, ನಾನೂ ಆಡಿದ್ದೇನೆ. ಅದಕ್ಕೆ ನನ್ನ ಮಗಳು ತೆತ್ತ ಬೆಲೆ ಒಂದು ದವಡೆ ಹಲ್ಲು.

ಆಗ ಅವಳಿಗೆ ಒಂಬತ್ತು ವರ್ಷ. ಕೆಳದವಡೆಯ ಕೊನೆಯ ಹಲ್ಲು ಕಪ್ಪಾಗಿದ್ದನ್ನು ಕಂಡಿದ್ದೆ. ಬೀಳುವ ಹಲ್ಲೆಂದು ಸುಮ್ಮನಿದ್ದೆ. ನೋವು ಎಂದಾಗ ಲವಂಗ ಕಚ್ಚಿಸಿದೆ. ಒಂದು ರಾತ್ರಿ ಕೆನ್ನೆ ಊದಿಕೊಂಡು ಮಗು ಬೆಳಗಿನವರೆಗೂ ನರಳಿತು. ಮರುದಿನ ಮೊದಲ ಬಸ್ಸಿಗೆ ಶಿವಮೊಗ್ಗಕ್ಕೆ ಕರೆದೊಯ್ದೆವು. ಡಾಕ್ಟರು ನೋಡಿ, "ಇದು ಬೀಳೋ ಹಲ್ಲಲ್ಲ ತಾಯಿ. ಆರನೇ ವರ್ಷಕ್ಕೆ ಬಂದ ಶಾಶ್ವತ ಹಲ್ಲು. ಮೊದಲೇ ಬಂದಿದ್ರೆ ಸಿಮೆಂಟ್ ತುಂಬಿಸಿ ಉಳಿಸಬಹುದಿತ್ತು" ಎಂದರು. ಹಲ್ಲು ಕೀಳಿಸಿಕೊಂಡು, ಹತ್ತಿ ಕಚ್ಚಿಕೊಂಡು ಬಸ್ಸಿನಲ್ಲಿ ನನ್ನ ಭುಜಕ್ಕೊರಗಿ ಕೂತಿದ್ದ ಅವಳ ಮುಖ ಇಂದಿಗೂ ಕಣ್ಣಮುಂದಿದೆ. ಈಗ ಅವಳು ಕಾಲೇಜಿಗೆ ಹೋಗುವ ಹುಡುಗಿ. ಹಿಂದಿನ ಹಲ್ಲು ಆ ಖಾಲಿ ಜಾಗಕ್ಕೆ ವಾಲಿದೆ. ಚಕ್ಕುಲಿ ಕೊಟ್ಟರೆ ಇನ್ನೊಂದು ಕಡೆಯಿಂದಲೇ ಕಡಿಯುತ್ತಾಳೆ.

ಈ ತಪ್ಪು ನಿಮ್ಮ ಮನೆಯಲ್ಲಿ ಆಗಬಾರದೆಂದೇ ಇದನ್ನು ಬರೆಯುತ್ತಿದ್ದೇನೆ.

ಹುಳುವೇ ಇಲ್ಲದ ಹುಳುಕು

ಹಲ್ಲಿಗೆ ಹುಳು ಬಿದ್ದಿದೆ ಎನ್ನುತ್ತೇವಲ್ಲ, ನಿಜಕ್ಕೂ ಅಲ್ಲಿ ಹುಳು ಇರುವುದಿಲ್ಲ. ಬಾಯಲ್ಲಿರುವ ಕಣ್ಣಿಗೆ ಕಾಣದ ರೋಗಾಣುಗಳು ನಾವು ತಿಂದ ಸಕ್ಕರೆ, ಬೆಲ್ಲ, ಬಿಸ್ಕತ್ತಿನ ಅಂಶವನ್ನು ಹುಳಿಯಾಗಿಸುತ್ತವೆ. ಆ ಹುಳಿ ಹಲ್ಲಿನ ಮೇಲಿನ ಗಟ್ಟಿ ಪದರವನ್ನು ಕರಗಿಸುತ್ತದೆ. ಹಾಲುಹಲ್ಲಿನ ಪದರ ಶಾಶ್ವತ ಹಲ್ಲಿನದಕ್ಕಿಂತ ತೆಳು. ಹಾಗಾಗಿ ಹುಳುಕು ಬೇಗ ಒಳಗಿಳಿಯುತ್ತದೆ.

ಮೊದಲ ಗುರುತು ಕಪ್ಪಲ್ಲ, ಬಿಳಿ!

ನನಗೆ ಗೊತ್ತಿಲ್ಲದೆ ಇದ್ದದ್ದು ಇದೇ. ನಾವೆಲ್ಲ ಕಪ್ಪು ಕಂಡ ಮೇಲೆ ಎಚ್ಚರವಾಗುತ್ತೇವೆ. ಹುಳುಕು ಶುರುವಾಗುವುದು ಬಿಳಿ ಬಣ್ಣದಲ್ಲಿ. ಮೇಲಿನ ಮುಂಹಲ್ಲುಗಳಲ್ಲಿ ವಸಡಿನ ಅಂಚಿಗೆ ಸುಣ್ಣ ಬಳಿದ ಹಾಗೆ, ಹೊಳಪಿಲ್ಲದ ಬಿಳಿ ಗೆರೆ ಕಾಣುತ್ತದೆ. ಆಮೇಲೆ ಹಳದಿ, ಕಂದು, ಕೊನೆಗೆ ಗುಳಿ. ಬಿಳಿ ಇರುವಾಗ ಗುಳಿ ಬಿದ್ದಿರುವುದಿಲ್ಲ. ಸರಿಯಾಗಿ ನೋಡಿಕೊಂಡರೆ ಜೊಲ್ಲಿನಲ್ಲಿರುವ ಸುಣ್ಣದ ಅಂಶ ಮತ್ತು ಪೇಸ್ಟಿನ ಫ್ಲೋರೈಡ್ ಸೇರಿ ಆ ಜಾಗ ಮತ್ತೆ ಗಟ್ಟಿಯಾಗಬಲ್ಲದು. ಗುಳಿ ಬಿದ್ದ ಮೇಲೆ ತಾನಾಗಿ ಮುಚ್ಚುವುದಿಲ್ಲ.

ನೋಡುವುದು ಹೇಗೆ?

ತಲೆಗೆ ಎಣ್ಣೆ ಹಚ್ಚುವ ದಿನ ಮಗು ಹೇಗೂ ನಿಮ್ಮ ಮಡಿಲಲ್ಲೇ ಇರುತ್ತದೆ. ತಿಂಗಳಿಗೊಮ್ಮೆ ಆ ದಿನ, ಕೈ ತೊಳೆದುಕೊಂಡು, ಎಣ್ಣೆ ಮುಟ್ಟುವ ಮೊದಲೇ ಇಷ್ಟು ಮಾಡಿ:

ಬಿಸಿಲು ಬೆಳಕಿರುವ ಕಡೆ ಕುಳಿತು, ಮಗುವಿನ ತಲೆಯನ್ನು ತೊಡೆಯ ಮೇಲೆ ಒರಗಿಸಿಕೊಳ್ಳಿ. ಮೇಲಿನ ತುಟಿ ಎತ್ತಿ, ಹಲ್ಲನ್ನು ಒಣ ಹತ್ತಿಬಟ್ಟೆಯಿಂದ ಒರೆಸಿ. ಒದ್ದೆ ಹಲ್ಲಿನಲ್ಲಿ ಬಿಳಿ ಮಚ್ಚೆ ಅಡಗಿರುತ್ತದೆ, ಒಣಗಿಸಿದರೆ ಎದ್ದು ಕಾಣುತ್ತದೆ. ಆಮೇಲೆ ದವಡೆ ಹಲ್ಲುಗಳ ಮೇಲಿನ ಸಂದುಗಳನ್ನು, ಎರಡು ಹಲ್ಲು ಕೂಡುವ ಜಾಗವನ್ನು ನೋಡಿ.

ಮಗುವಿನ ನಡವಳಿಕೆಯೂ ಹೇಳುತ್ತದೆ. ಒಂದೇ ಕಡೆ ಅಗಿಯುವುದು, ತಣ್ಣೀರು ಕುಡಿದಾಗ ಮುಖ ಹಿಂಡುವುದು, ಒಂದೇ ಸಂದಿನಲ್ಲಿ ಅನ್ನ ಸಿಕ್ಕಿಕೊಳ್ಳುವುದು, ಇವನ್ನು ಹಟ ಎಂದು ಗದರಬೇಡಿ. ವಸಡಿನ ಮೇಲೆ ಕೀವಿನ ಗುಳ್ಳೆ ಕಂಡರೆ, ಕೆನ್ನೆ ಊದಿದರೆ ತಡಮಾಡದೆ ಡಾಕ್ಟರ ಬಳಿ ಓಡಿ.

ಹಾಲುಹಲ್ಲು ಒಟ್ಟು 20. ಆರು ವರ್ಷದ ಸುಮಾರಿಗೆ ಅವುಗಳ ಹಿಂದೆ, ಯಾವ ಹಲ್ಲೂ ಬೀಳದೆ, ಶಾಶ್ವತ ದವಡೆ ಹಲ್ಲು ಸದ್ದಿಲ್ಲದೆ ಮೂಡುತ್ತದೆ. ನಾನು ಮೋಸಹೋದದ್ದು ಇಲ್ಲೇ. ಹಾಲುಹಲ್ಲನ್ನೂ ಕಡೆಗಣಿಸುವ ಹಾಗಿಲ್ಲ. ಹಾಲಿನ ದವಡೆ ಹಲ್ಲುಗಳು ಹತ್ತು, ಹನ್ನೆರಡು ವರ್ಷದವರೆಗೂ ಬೇಕು. ಅಗಿಯುವುದಕ್ಕಷ್ಟೇ ಅಲ್ಲ, ಕೆಳಗಿನಿಂದ ಬರುವ ಹಲ್ಲಿಗೆ ಜಾಗ ಕಾಯುವುದಕ್ಕೂ.

ಒಂದು ಮಾತು: ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಕೆಲವು ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅದರಿಂದ ಬರುವ ಬಿಳಿ, ಕಂದು ಮಚ್ಚೆಗಳು ಸಾಮಾನ್ಯವಾಗಿ ಎಡಬಲದ ಜೋಡಿ ಹಲ್ಲುಗಳಲ್ಲಿ ಒಂದೇ ಬಗೆಯಾಗಿ ಹರಡಿರುತ್ತವೆ. ಅದು ಹುಳುಕಲ್ಲ. ಯಾವುದೆಂದು ಡಾಕ್ಟರೇ ಹೇಳಲಿ. ಅಂಥ ಊರಿನವರು ಪೇಸ್ಟ್ ಯಾವುದು ಎಂಬುದನ್ನೂ ಅವರನ್ನೇ ಕೇಳಿ.

ಬಾಟಲಿ, ಬಿಸ್ಕತ್ತು, ಬ್ರಷ್ಷು

ರಾತ್ರಿ ಹಾಲಿನ ಬಾಟಲಿ ಬಾಯಲ್ಲಿಟ್ಟು ಮಲಗಿಸುವುದು ನಮ್ಮಲ್ಲಿ ರೂಢಿ. ನಿದ್ದೆಯಲ್ಲಿ ಜೊಲ್ಲು ಕಡಿಮೆ, ಸಿಹಿಹಾಲು ಹಲ್ಲಿನ ಸುತ್ತ ನಿಂತುಬಿಡುತ್ತದೆ. ಹಾಲು ಕುಡಿಸಿ, ಹಲ್ಲು ಉಜ್ಜಿ, ಆಮೇಲೆ ಮಲಗಿಸಿ. ನಡುವೆ ಬಾಯಾರಿದರೆ ನೀರು ಕೊಡಿ.

ಸಿಹಿಯನ್ನು ಪೂರಾ ಬಿಡಿಸಬೇಕೆಂದಿಲ್ಲ. ಎಷ್ಟು ಎನ್ನುವುದರಷ್ಟೇ ಎಷ್ಟು ಸಲ ಎನ್ನುವುದೂ ಮುಖ್ಯ. ಊಟದ ಜೊತೆ ಒಂದು ಉಂಡೆ ಕೊಟ್ಟರೆ ಆಗುವ ಕೆಡುಕಿಗಿಂತ, ದಿನವಿಡೀ ಒಂದೊಂದೇ ಬಿಸ್ಕತ್ತು ಮೆಲ್ಲುವುದರಿಂದ ಆಗುವುದು ಹೆಚ್ಚು.

ಮೊದಲ ಹಲ್ಲು ಕಂಡ ದಿನದಿಂದಲೇ ಉಜ್ಜಿ. ಮೂರು ವರ್ಷದವರೆಗೆ ಫ್ಲೋರೈಡ್ ಪೇಸ್ಟು ಒಂದು ಅಕ್ಕಿಕಾಳಿನಷ್ಟು, ಆರರವರೆಗೆ ಒಂದು ಬಟಾಣಿಯಷ್ಟು ಸಾಕು. ಉಗುಳುವುದನ್ನು ಕಲಿಸಿ. ಬೆಳಿಗ್ಗೆ ಬಿಟ್ಟುಹೋದರೂ ರಾತ್ರಿಯದು ತಪ್ಪಬಾರದು. ಏಳೆಂಟು ವರ್ಷದವರೆಗೆ ಮಕ್ಕಳ ಕೈಗೆ ಹದ ಬಂದಿರುವುದಿಲ್ಲ. ಅವರು ಉಜ್ಜಿದ ಮೇಲೆ ನೀವೊಮ್ಮೆ ಉಜ್ಜಿ.

ನೋವು ಬರುವವರೆಗೆ ಕಾಯದೆ, ಒಂದು ವರ್ಷ ತುಂಬುವ ಹೊತ್ತಿಗೆ ಒಮ್ಮೆ ದಂತವೈದ್ಯರಿಗೆ ತೋರಿಸಿ. ದುಡ್ಡಿನ ಚಿಂತೆಯಿದ್ದರೆ ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ.

ಹೋದ ವರ್ಷ ನಮ್ಮ ನಾದಿನಿ ಎರಡು ವರ್ಷದ ಮಗನನ್ನು ಕರೆದುಕೊಂಡು ಬಂದಿದ್ದಳು. ಎಣ್ಣೆ ಹಚ್ಚಲು ಕೂರಿಸಿಕೊಂಡು ತುಟಿ ಎತ್ತಿದೆ. ಅದೇ ಬಿಳಿ ಗೆರೆ! "ಹಾಲುಹಲ್ಲಲ್ವೇ ಅತ್ತಿಗೆ?" ಎಂದಳು. ನಾನು ಮಗಳನ್ನು ಕರೆದು, "ಬಾಯಿ ತೆರೆದು ತೋರಿಸೇ" ಎಂದೆ. ಮಾರನೇ ದಿನವೇ ಡಾಕ್ಟರಿಗೆ ತೋರಿಸಿ ಫ್ಲೋರೈಡ್ ಲೇಪ ಹಾಕಿಸಿದೆವು. ರಾತ್ರಿಯ ಬಾಟಲಿ ಬಿಡಿಸಲು ನಾಲ್ಕು ದಿನ ಮನೆಯವರಿಗೆಲ್ಲ ಜಾಗರಣೆ. ಈಗ ಹುಡುಗನಿಗೆ ಮೂರು ತುಂಬಿದೆ. ಗೆರೆ ಮುಂದುವರಿದಿಲ್ಲ, ಗುಳಿ ಬಿದ್ದಿಲ್ಲ.

ಇವತ್ತು ಈ ಪುಟ ಮಡಿಚಿಟ್ಟ ಮೇಲೆ, ನಿಮ್ಮ ಮಗುವನ್ನೂ ಬೆಳಕಿಗೆ ಕರೆದು ಒಮ್ಮೆ ತುಟಿ ಎತ್ತಿ ನೋಡುತ್ತೀರಿ ತಾನೇ?